ಈಶಮ್ಮನ ಅಂಜಿಕೆ

ಈಶಮ್ಮನಷ್ಟು ಅಂಜುಬುರುಕಿಯನ್ನು ನಾನು ಈ ತಾಂಡೂರಿನಲ್ಲಿ ಇನ್ನೊಬ್ಬಳನ್ನು ನೋಡಿಲ್ಲ. ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ, ದಿನಕ್ಕೆ ನೂರು ಮಂದಿಯ ಮುಖ ನೋಡುವವಳು ನಾನು. ಗಿರಣಿಯ ಪಟ್ಟಾ ಒಮ್ಮೆ ಚಟ್ ಎಂದರೆ ಸಾಕು, ಈಶಮ್ಮ ಜೋಳದ ಡಬ್ಬಿ ಅಲ್ಲೇ ಬಿಟ್ಟು ರಸ್ತೆಗೆ ಇಳಿದಿರುತ್ತಿದ್ದಳು. ಮಧ್ಯಾಹ್ನ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸುತ್ತಾರೆ, ಈ ಊರಿನಲ್ಲಿ ತೊಟ್ಟಿಲ ಕೂಸು ಕೂಡ ಆ ಸದ್ದಿಗೆ ಕಣ್ಣು ಬಿಡುವುದಿಲ್ಲ. ಇವಳು ದಿನಾ ಬೆಚ್ಚುತ್ತಿದ್ದಳು. ಫೋನು ಬಂದರೆ ಎತ್ತುವ ಮೊದಲು ಎದೆ ಹಿಡಿದುಕೊಳ್ಳುವಳು. ಮಗಳು ಪ್ರೇಮಲಾ ನಾರಾಯಣಖೇಡದ ಗಂಡನ ಮನೆಯಿಂದ ಊಟ ಆಯಿತೇ ಎಂದು ಕೇಳುವುದಕ್ಕೆ ಫೋನು ಮಾಡಿರುತ್ತಾಳೆ, ಇವಳು ಯಾರಿಗೇನಾಯಿತು, ಕೂಸು ನೆಟ್ಟಗಿದೆಯೇ, ಅಳಿಯ ಮೋಟರ್ ಸೈಕಲ್ ಮೇಲಿಂದ ಬಿದ್ದನೇ ಎಂದು ಮೂರು ಸಾವು ಎಣಿಸಿ ಆಮೇಲೆ ಊಟದ ವಿಷಯಕ್ಕೆ ಬರುತ್ತಿದ್ದಳು.

ನನ್ನ ಹೆಸರು ಮಹಾನಂದಾ. ನಮ್ಮದು ಲಿಂಗಾಯತರ ಮನೆ, ಗಂಡ ತೀರಿಕೊಂಡು ಒಂಬತ್ತು ವರ್ಷ. ಬಾಯಿ ಸ್ವಲ್ಪ ಜೋರು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಹೀಗಾಗಿದೆ ಎಂದು ನಾನು ಹೇಳಿಕೊಳ್ಳುತ್ತೇನೆ, ಹುಟ್ಟಿದ್ದೇ ಹಾಗೆ ಎಂದು ಓಣಿಯವರು ಹೇಳುತ್ತಾರೆ. ಯಾರದೇ ಆಗಲಿ, ಅಂಜಿಕೆ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಈಶಮ್ಮನನ್ನು ನಾನು ಬೈದಷ್ಟು ಅವಳ ಅತ್ತೆ ಕೂಡ ಬೈದಿರಲಿಕ್ಕಿಲ್ಲ.

ಅವಳ ಮನೆ ನಮ್ಮ ಗಿರಣಿಯ ಎದುರಿಗೇ. ನಡುವಿನ ರಸ್ತೆ ಎಂದರೆ ಒಂದು ಆಟೋ ಬಂದರೆ ಇನ್ನೊಂದು ಹಿಂದಕ್ಕೆ ಸರಿಯಬೇಕು, ಅಷ್ಟೇ ಅಗಲ. ಅಜ್ಜನ ಕಾಲದಿಂದ ಅವರು ಕ್ರೈಸ್ತರು. ತವರು ಜಹೀರಾಬಾದಿನ ಕಡೆಯ ಒಂದು ಹಳ್ಳಿ. ಚರ್ಚಿನಲ್ಲಿ ತೆಲುಗು ಹಾಡು, ಕಿರಾಣಿ ಅಂಗಡಿಯಲ್ಲಿ ಉರ್ದು, ಮನೆಯಲ್ಲಿ ನಮ್ಮದೇ ಕನ್ನಡ. ಗಂಡ ಹಣಮಯ್ಯ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಕಲ್ಲು ಕೊರೆಯುವ ಮಷೀನಿನ ಮೇಲೆ ಇಪ್ಪತ್ತೆರಡು ವರ್ಷ ದುಡಿದವನು. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೂದಿ ಬಣ್ಣ. ನಾನು ಮೈತುಂಬ ಹಿಟ್ಟಾಗಿ ಈ ಕಡೆ ಕೂತಿರುತ್ತಿದ್ದೆ, ಅವನು ಆ ಕಡೆಯಿಂದ ಕಲ್ಲಿನ ಧೂಳಾಗಿ ಬರುತ್ತಿದ್ದ. ಯಾರು ಹೆಚ್ಚು ಬೆಳ್ಳಗಾಗಿದ್ದೇವೆ ನೋಡು ಎಂದು ಚೇಷ್ಟೆ ಮಾಡಿದರೆ ಹಲ್ಲು ಬಿಟ್ಟು ನಗುತ್ತಿದ್ದ. ಹಿಟ್ಟು ತೊಳೆದರೆ ಹೋಗುತ್ತದೆ, ಆ ಧೂಳು ಎದೆಯೊಳಗೆ ಇಳಿದು ಕೂಡುತ್ತದೆ ಎಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅವಳು ಯಾಕೆ ಹೀಗೆ ಎಂದು ನನಗೆ ಗೊತ್ತಾದದ್ದು ಒಂದು ದಿನ ಕರೆಂಟು ಹೋಗಿ ಗಿರಣಿ ನಿಂತಾಗ. ಮೆಟ್ಟಿಲ ಮೇಲೆ ಇಬ್ಬರೇ ಕೂತಿದ್ದೆವು. ಅವಳ ಕಾಲ ಹತ್ತಿರ ಒಂದು ಹಲ್ಲಿ ಬಿತ್ತು, ಅವಳು ಚೀರಿಕೊಂಡಳು, ನಾನು ಚೆನ್ನಾಗಿ ಬೈದೆ. ಹೀಗೆ ಅಂಜಿ ಬದುಕುವುದೂ ಒಂದು ಬಾಳೇ ಎಂದು ಕೇಳಿದೆ. ಅವಳು ಸೆರಗಿನಿಂದ ಬೆವರು ಒರೆಸಿಕೊಂಡು, ಹಲ್ಲಿಗೆ ಅಂಜುವುದು ದೊಡ್ಡದಲ್ಲ, ನನ್ನ ಅಂಜಿಕೆ ಬೇರೆ ಇದೆ ಎಂದು ತಾನಾಗಿಯೇ ಹೇಳತೊಡಗಿದಳು.

ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ಕಾಮಾಲೆ ಆಗಿ ಹೊರಸು ಹಿಡಿದಳಂತೆ. ಇನ್ನೇನು ಹೋಗುತ್ತಾಳೆ ಎನ್ನುವಾಗ ಮಗಳನ್ನು ಹೆಸರು ಹಿಡಿದು ಕರೆಯತೊಡಗಿದಳು. ಹೋಗಿ ಬಾಯಿಗೆ ನೀರು ಬಿಡು ಎಂದು ದೊಡ್ಡವರು ಅಂದರು. ಹುಡುಗಿ ಹಿತ್ತಲಿಗೆ ಓಡಿ ಜೋಳದ ಕಣಿಕೆಯ ಬಣವೆಯಲ್ಲಿ ಅಡಗಿ ಕೂತಳು. ಅಲ್ಲಿಗೂ ತಾಯಿಯ ದನಿ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಹೊತ್ತು ಮುಳುಗುವಾಗ ಚಿಕ್ಕಮ್ಮ ಬಂದು ರಟ್ಟೆ ಹಿಡಿದು ಹೊರಗೆ ಎಳೆದಳು.

ಎರಡನೆಯದು ಅವಳ ಮೊದಲ ಮಗು. ಪ್ರೇಮಲಾಳಿಗಿಂತ ದೊಡ್ಡವನು, ಸುನೀಲ್ ಎಂದು ಹೆಸರಿಟ್ಟಿದ್ದರು. ಒಂದೂವರೆ ವರ್ಷದ ಕೂಸಿಗೆ ಜ್ವರ ನೆತ್ತಿಗೇರಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಕೂಸು ಕಣ್ಣು ಮೇಲೆ ಮಾಡಿದ್ದನ್ನು ನೋಡಿ ಇವಳು ನೀರು ತರುತ್ತೇನೆಂದು ಬಾಟ್ಲಿ ಹಿಡಿದುಕೊಂಡು ಎದ್ದಳು. ನಳದ ಕೆಳಗೆ ಬಾಟ್ಲಿ ತುಂಬಿತು, ತುಂಬಿ ಹರಿಯಿತು, ಇವಳು ಅಲ್ಲಿಯೇ ನಿಂತಳು. ಹಣಮಯ್ಯ ಹುಡುಕಿಕೊಂಡು ಬಂದು ನಳ ಬಂದ್ ಮಾಡಿ, ಮುಗಿಯಿತು ಎಂದು ಹೇಳಿದ.

“ನನ್ನ ಕಾಲು ನನ್ನ ಮಾತು ಕೇಳಂಗಿಲ್ಲರಿ ಅಕ್ಕೋರ,” ಅಂದಳು. “ಸಾವು ಬಂತು ಅಂದ್ರ ತಾವೇ ಎದ್ದು ಹೋಗತಾವ. ಇಬ್ಬರೂ ನನ್ನ ದಾರಿ ನೋಡಿ ಹೋದ್ರು.”

ಅಷ್ಟರಲ್ಲಿ ಕರೆಂಟು ಬಂತು, ಎದ್ದು ಗಿರಣಿ ಚಾಲೂ ಮಾಡಿದೆ.

ಹಣಮಯ್ಯನ ಕೆಮ್ಮು ನಾಲ್ಕು ವರ್ಷದ ಹಿಂದೆ ಶುರುವಾಯಿತು. ಮೊದಲು ಬೀಡಿ ಕೆಮ್ಮು ಎಂದರು, ಅವನು ಬೀಡಿ ಮುಟ್ಟಿದವನೇ ಅಲ್ಲ. ಆಮೇಲೆ ಟೀಬಿ ಎಂದು ಆರು ತಿಂಗಳು ಗುಳಿಗೆ ನುಂಗಿದ. ಗುಳಿಗೆ ಮುಗಿದವು, ಕೆಮ್ಮು ಮುಗಿಯಲಿಲ್ಲ. ಎರಡು ಕೊಡ ನೀರು ಎತ್ತಿದರೆ ಗೋಡೆ ಹಿಡಿದು ನಿಲ್ಲುವ ಹಾಗಾದ. ಕಡೆಗೆ ಹೈದರಾಬಾದಿಗೆ ಹೋಗಿ ಎದೆಯ ಫೋಟೋ ತೆಗೆಸಿದರು. ಕಲ್ಲಿನ ಧೂಳು ಪುಪ್ಪುಸದ ತುಂಬ ಕೂತಿದೆ, ಹೊರಗೆ ತೆಗೆಯುವ ಔಷಧ ಯಾವುದೂ ಇಲ್ಲ, ಇದ್ದಷ್ಟು ದಿನ ಉಸಿರಿಗೆ ಆಸರೆ ಕೊಡಬಹುದು ಎಂದು ಡಾಕ್ಟರು ಬಿಚ್ಚಿ ಹೇಳಿದರು. ಗಾಳಿ ಕೊಡುವ ಒಂದು ಮಷೀನು, ಮೂಗಿಗೆ ಒಂದು ನಳಿಕೆ, ಇಷ್ಟು ತೆಗೆದುಕೊಂಡು ಗಂಡಹೆಂಡತಿ ಊರಿಗೆ ಬಂದರು.

ಬಂದ ಮರುದಿನ ಬೆಳಗ್ಗೆ ಈಶಮ್ಮ ಗಿರಣಿಗೆ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಹೈದರಾಬಾದಿನ ಮಾತೆಲ್ಲ ಹೇಳಿ, ರಾತ್ರಿ ಊಟ ಆದ ಮೇಲೆ ಗಂಡ ತನ್ನನ್ನು ಹತ್ತಿರ ಕೂಡಿಸಿಕೊಂಡು ಆಡಿದ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಹೇಳಿದಳು.

“ನಂಗ ಸಾಯೋದರ ಅಂಜಿಕಿ ಇಲ್ಲ, ಈಶಾ. ಒಬ್ಬನೇ ಸಾಯೋದರ ಅಂಜಿಕಿ ಅದ. ಆ ಹೊತ್ತಿಗಿ ನೀರು ತರತೀನಂತ ಹೋಗಬ್ಯಾಡ.”

ಕೂಸು ಹೋದಾಗಿನಿಂದ ಒಂದು ದಿನವೂ ಅವನು ಆ ನೀರಿನ ಮಾತು ಎತ್ತಿರಲಿಲ್ಲವಂತೆ. ಜಗಳದಲ್ಲಿ ಕೂಡ ಎತ್ತಿರಲಿಲ್ಲ. ಈಗ ಎತ್ತಿದ್ದಾನೆ ಎಂದರೆ ಅಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದ ಎಂದಾಯಿತು. ಅವತ್ತಿನಿಂದ ಈಶಮ್ಮನಿಗೆ ಗಂಡ ಸಾಯುತ್ತಾನೆ ಎಂಬುದಕ್ಕಿಂತ ದೊಡ್ಡ ಚಿಂತೆ ಹತ್ತಿತು. ಅವನು ಕೇಳಿದ್ದು ಅದೊಂದೇ, ಅದನ್ನೇ ತನ್ನಿಂದ ಕೊಡಲಾಗುವುದಿಲ್ಲ. ಆ ಹೊತ್ತು ಬಂದಾಗ ತಾನು ಎದ್ದು ಓಡುತ್ತೇನೆ, ಅವನು ಒಬ್ಬನೇ ಹೋಗುತ್ತಾನೆ.

ಇಲ್ಲಿ ಅವರ ಚರ್ಚಿನ ಒಂದು ಪದ್ಧತಿ ಹೇಳಬೇಕು. ಹೆಂಗಸರು ದಿನಾ ಅಡುಗೆಗೆ ಮೊದಲು ಒಂದು ಹಿಡಿ ಜೋಳವೋ ಅಕ್ಕಿಯೋ ತೆಗೆದು ಬೇರೆ ಗಡಿಗೆಯಲ್ಲಿ ಹಾಕುತ್ತಾರೆ. ಹಿಡಿಕಾಳು ಎನ್ನುತ್ತಾರೆ. ಭಾನುವಾರ ಅದನ್ನು ಚರ್ಚಿಗೆ ಒಯ್ದು ಒಟ್ಟುಗೂಡಿಸಿ, ಗಂಡನಿಲ್ಲದವರಿಗೆ, ಕೈಲಾಗದವರಿಗೆ ಹಂಚುತ್ತಾರೆ. ಜೋಳ ಬೀಸಿ ಹಂಚುವುದರಿಂದ ಸೋಮವಾರ ಅದು ನನ್ನ ಗಿರಣಿಗೇ ಬರುತ್ತದೆ. ಒಳ್ಳೆಯ ಪದ್ಧತಿ, ನಾನು ಬೀಸುವುದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ.

ಈಶಮ್ಮ ಏನು ಮಾಡಿದಳು? ದಿನದ ಒಂದು ಹಿಡಿಯ ಜೊತೆ ಗಂಡನಿಗಾಗಿ ಇನ್ನೊಂದು ಹಿಡಿ ಹಾಕತೊಡಗಿದಳು. ಅವನಿಗೆ ಉಸಿರು ಹತ್ತಿದ ದಿನ ಎರಡು. ತುಟಿ ನೀಲಿಯಾದ ದಿನ ಮೂರು. ಗಂಡ ಗುಣವಾಗಲಿ ಎಂದಲ್ಲ, ತನ್ನ ಅಂಜಿಕೆ ಹೋಗಲಿ ಎಂದು. ದೇವರಿಗೆ ಇಷ್ಟು ಕೊಟ್ಟರೆ ಅವನು ಅಷ್ಟು ಧೈರ್ಯ ಕೊಟ್ಟಾನು ಎಂದು ಅವಳ ಲೆಕ್ಕ. ಡಬ್ಬಿಯ ತೂಕ ಕಡಿಮೆಯಾದದ್ದು ನನ್ನ ಕೈಗೆ ಮೊದಲು ಗೊತ್ತಾಯಿತು. ಯಾರ ಮನೆಯಲ್ಲಿ ಎಷ್ಟು ರೊಟ್ಟಿ ಬಡಿಯುತ್ತಾರೆ ಎಂದು ಗಿರಣಿಯವರಿಗೆ ಗೊತ್ತಾಗದೆ ಇರುತ್ತದೆಯೇ? ಗದರಿಸಿ ಕೇಳಿದಾಗ ಬಾಯಿ ಬಿಟ್ಟಳು. ಗಂಡನ ರೊಟ್ಟಿ ಕಡಿಮೆ ಮಾಡಿಲ್ಲ, ತಾನೇ ಸಂಜೆ ಗಂಜಿ ಕುಡಿದು ಮಲಗುತ್ತೇನೆ ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ನಿಮ್ಮ ದೇವರಿಗೆ ನಿನ್ನ ರೊಟ್ಟಿಯೇ ಬೇಕಾಯಿತೇ, ಹಾಗಾದರೆ ಅವನಿಗೂ ನಮ್ಮ ರೇಶನ್ ಅಂಗಡಿಯವನಿಗೂ ಏನು ಫರಕು ಎಂದು ಎಲ್ಲರ ಎದುರಿಗೆ ಕೂಗಾಡಿದೆ. ಅವಳು ಹಿಟ್ಟಿನ ಡಬ್ಬಿ ಎತ್ತಿಕೊಂಡು ಸುಮ್ಮನೆ ಹೋದಳು. ಆ ದಿನ ಹಾಗೆ ಅನ್ನಬಾರದಿತ್ತು.

ಕಾಳಿನ ಚೀಲ ಭಾರವಾದದ್ದು ಇನ್ನೊಬ್ಬರ ಕಣ್ಣಿಗೂ ಬಿದ್ದಿತ್ತು. ಅವರ ಪಾದ್ರಿಯವರ ಹೆಂಡತಿ ಬಾಲಮಣಿ, ಎಲ್ಲರೂ ಅಮ್ಮಗಾರು ಎನ್ನುತ್ತಾರೆ. ಹಿಂದೆ ನರ್ಸ್ ಆಗಿದ್ದವರು, ಅರವತ್ತು ದಾಟಿದೆ, ಮಾತು ಕಡಿಮೆ. ಒಂದು ಸೋಮವಾರ ಚರ್ಚಿನ ಜೋಳದ ಜೊತೆ ಒಂದು ಸಣ್ಣ ಚೀಲ ಬೇರೆಯಾಗಿ ಹಿಡಿದು ಗಿರಣಿಗೆ ಬಂದರು. ಈಶಮ್ಮನನ್ನು ಕರೆಸಿ ಅದನ್ನು ಅವಳ ಮಡಿಲಿಗೆ ಇಟ್ಟರು. ನಾನು ಗಿರಣಿ ಬಂದ್ ಮಾಡಿದೆ. ಕೇಳಬೇಕೆಂದೇ ಬಂದ್ ಮಾಡಿದೆ, ಸುಳ್ಳು ಯಾಕೆ ಹೇಳಲಿ.

ಒಂದು ಹಿಡಿ ನೀನು ಕೊಡಬೇಕಾದದ್ದು, ಉಳಿದದ್ದು ನಿನ್ನ ಹೊಟ್ಟೆಯದು, ಹೊತ್ತುಕೊಂಡು ಹೋಗು ಎಂದರು ಅಮ್ಮಗಾರು. ಈಶಮ್ಮ ಅಳುತ್ತ ಎಲ್ಲ ಹೇಳಿದಳು. ಪ್ರತಿ ಭಾನುವಾರ ಅಂಜಬೇಡಿರಿ ಅಂಜಬೇಡಿರಿ ಎಂದು ಪಾದ್ರಿ ಅಯ್ಯಗಾರು ಪ್ರಸಂಗ ಮಾಡುತ್ತಾರೆ, ಅದು ತನ್ನನ್ನೇ ಬೈದ ಹಾಗೆ ಕೇಳುತ್ತದೆ, ಇಷ್ಟು ಅಂಜುವವಳಿಗೆ ನಂಬಿಕೆ ಇದೆ ಎಂದು ಹೇಗೆ ಹೇಳಲಿ, ನಂಬಿಕೆ ಇಲ್ಲದವಳ ಪ್ರಾರ್ಥನೆ ಯಾರು ಕೇಳುತ್ತಾರೆ ಎಂದಳು. ತಾಯಿಯ ಮಾತು, ಕೂಸಿನ ಮಾತು, ಗಂಡ ಕೇಳಿದ ಮಾತು, ಯಾವುದನ್ನೂ ಬಿಡಲಿಲ್ಲ.

ಅಮ್ಮಗಾರು ಅವಳ ಪಕ್ಕದಲ್ಲಿ ಹಿಟ್ಟಿನ ನೆಲದ ಮೇಲೆಯೇ ಕೂತರು. ಬಿಳಿ ಸೀರೆ ಬೇರೆ.

“ಶಿಲುಬಿಗಿ ಏರಸಾಕ ಸ್ವಾಮಿನ ಹಿಡಕೊಂಡು ಹೋದ ರಾತ್ರಿ, ಆ ತೋಟದಾಗ ಸ್ವಾಮಿ ಅಂಜಿದ್ದ, ಗೊತ್ತದ ಇಲ್ಲ ನಿನಗ?” ಎಂದರು. “ಬೆವರು ಇಳದಿತ್ತು. ತನ್ನ ಶಿಷ್ಯ ಮಂದಿಗಿ ಏನು ಬೇಡಿದ? ನನ್ನ ಉಳಸ್ರಿ ಅಂದನ? ಜರ ನನ್ನ ಜೋಡಿ ಎಚ್ಚರ ಕೂಡ್ರಿ ಅಂದ. ಅಷ್ಟೇ. ಅವರು ಮಕ್ಕೊಂಡ್ರು. ನಿನ್ನ ಗಂಡ ಬೇಡಿದ್ದೂ ಅದೇ ಈಶಮ್ಮ. ಅಂಜಿಕಿ ಹೋಗಲಿ ಅಂತ ದಾರಿ ನೋಡಬ್ಯಾಡ. ಅಂಜಿಕೊಂತೇ ಕೂಡು. ಸ್ವಾಮಿಗಿ ಅಂಜಿಕಿ ಅಂದ್ರ ಏನು ಅಂತ ಗೊತ್ತದ, ಅಂವ ನಿನ್ನ ಬಾಜೂಕ ಕೂಡತಾನ.”

ಸ್ವಾಮಿಯೂ ಅಂಜಿದ್ದನೇ ಎಂದು ಈಶಮ್ಮ ಕೇಳಿದಳು. ಚಿಕ್ಕಂದಿನಿಂದ ಪ್ರತಿ ವರ್ಷ ಕೇಳಿದ ಕಥೆಯನ್ನು ಅವತ್ತೇ ಮೊದಲ ಸಲ ಕೇಳಿದವಳ ಹಾಗೆ ಕೇಳಿದಳು. ಕೂಡುವುದನ್ನು ಕಲಿಯಬೇಕಾದರೆ ದಿನಾ ಕೂತು ರೂಢಿ ಮಾಡಿಕೋ, ದಿನಕ್ಕೆ ಒಂದು ತಾಸು, ಕೆಲಸ ಹಿಡಿಯದೆ, ಎದ್ದು ಹೋಗದೆ, ಅವನ ಹತ್ತಿರ ಸುಮ್ಮನೆ ಕೂಡು ಎಂದು ಹೇಳಿ ಅಮ್ಮಗಾರು ಸೀರೆ ಕೊಡವಿಕೊಂಡು ಎದ್ದರು.

ಒಂದು ತಾಸು ಕೂಡುವುದು ಎಂಥ ದೊಡ್ಡ ಮಾತು ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡೆ. ಅವರ ಕಿಟಕಿ ನನ್ನ ಗಲ್ಲಾಪೆಟ್ಟಿಗೆಗೆ ನೇರ. ಮೊದಲ ದಿನ ಆ ತಾಸಿನಲ್ಲಿ ನಾಲ್ಕು ಸಲ ಎದ್ದಳು. ಬೆಕ್ಕು ಹಾಲಿಗೆ ಬಾಯಿ ಹಾಕಿತು ಎಂದು ಒಮ್ಮೆ, ಒಣಗಿದ ಬಟ್ಟೆ ಹಾರಿಹೋಯಿತು ಎಂದು ಒಮ್ಮೆ, ಉಳಿದ ಎರಡು ಸಲಕ್ಕೆ ಕಾರಣವೇ ಇರಲಿಲ್ಲ, ಬಾಗಿಲಿಗೆ ಬಂದು ನಿಂತು ಗಾಳಿ ನುಂಗಿ ಒಳಗೆ ಹೋದಳು. ಹಣಮಯ್ಯನಿಗೆ ಕೆಮ್ಮು ಹತ್ತಿದರೆ ಇವಳು ಹೊರಸಿನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂಡುತ್ತಿದ್ದಳು, ಕೈ ಬಿಟ್ಟರೆ ಎಲ್ಲಿ ಎದ್ದುಬಿಡುತ್ತೇನೋ ಎಂದು.

ಒಂದು ದಿನ, ಏನೆಂದು ಪ್ರಾರ್ಥನೆ ಮಾಡುತ್ತೀ ಎಂದು ಕೇಳಿದೆ. ದೊಡ್ಡದೇನಿಲ್ಲ, ದನಕ್ಕೆ ಗೂಟ ಜಡಿದು ಕಟ್ಟುವಂತೆ ಈ ಒಂದು ತಾಸು ನನ್ನ ಕಟ್ಟಿ ಹಾಕು ಸ್ವಾಮಿ ಎನ್ನುತ್ತೇನೆ, ನಾಳೆಯದು ಕೇಳುವುದಿಲ್ಲ ಎಂದಳು. ನನಗೆ ನಗು ಬಂತು, ಅವಳೂ ನಕ್ಕಳು. ಆಮೇಲೆ ಅಂದಳು, “ಅಂವ ಅಂಜಿಕೊಂತ ಕುಂತಿದ್ದ, ನಾನೂ ಅಂಜಿಕೊಂತ ಕೂಡತೀನಿ. ಇಬ್ಬರು ಆದೇವಲ್ಲರಿ ಅಕ್ಕೋರ.”

ಚಳಿಗಾಲ ಕಳೆಯುವ ಹೊತ್ತಿಗೆ ತಾಸು ಪೂರಾ ಕೂಡುವ ಹಾಗಾದಳು. ಮದ್ದಿನ ಸದ್ದಿಗೆ ಬೆಚ್ಚುವುದು ನಿಲ್ಲಲಿಲ್ಲ, ಬೆಚ್ಚಿದರೂ ಕೂತಲ್ಲೇ ಬೆಚ್ಚುತ್ತಿದ್ದಳು. ಹಣಮಯ್ಯ ಅವಳನ್ನು ಚುಡಾಯಿಸುತ್ತಿದ್ದ. ಬಾಗಿಲು ತೆಗೆದೇ ಇದೆ, ಓಡುವುದಿದ್ದರೆ ಓಡು, ನನ್ನ ಕೈಲಿ ಬೆನ್ನು ಹತ್ತುವುದಕ್ಕೆ ಆಗುವುದಿಲ್ಲ ಎನ್ನುತ್ತಿದ್ದ. ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗಿತ್ತು ಅವನಿಗೆ. ಆ ದಿನಗಳಲ್ಲಿ ಅವರ ಮನೆಯಿಂದ ನಗು ಕೇಳಿಸಿದ್ದೂ ಉಂಟು. ಸಾಯುವವನ ಮನೆಯಲ್ಲಿ ನಗುತ್ತಾರಲ್ಲ ಎಂದು ನನಗೆ ಮೊದಲು ಸಿಟ್ಟು ಬಂದಿತ್ತು, ಆಮೇಲೆ ಹೊಟ್ಟೆಕಿಚ್ಚು ಬಂತು.

ಹೊಟ್ಟೆಕಿಚ್ಚು ಯಾಕೆ ಎಂದರೆ, ನನ್ನ ಯಜಮಾನರು ಲಿಂಗರಾಜರು ಹೋದಾಗ ನಾನು ಗಿರಣಿಯಲ್ಲಿದ್ದೆ. ಹಿಂದಿನ ಓಣಿಯಲ್ಲೇ ನಮ್ಮ ಮನೆ. ಎದೆ ಹಿಡಿದುಕೊಂಡು ಕೂತಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ, ಬೇಗ ಬಾ ಎಂದು ನಾದಿನಿ ಓಡಿಬಂದಿದ್ದಳು. ಮೇಲೆ ಸುರಿದ ಜೋಳ ಇಳಿಯಲಿ, ಬಂದೆ ಅಂದೆ. ಜೋಳ ಇಳಿಯಿತು. ಇನ್ನೊಂದು ಡಬ್ಬಿ ಸುರಿದೆ. ಯಾಕೆ ಸುರಿದೆ ಎಂದು ಒಂಬತ್ತು ವರ್ಷದಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಕೆಲಸದ ಹೆಣ್ಣು, ಗಟ್ಟಿ ಎದೆಯವಳು ಎಂದು ಜನ ಹೊಗಳಿದರು. ನಾನು ಯಾರಿಗೂ ಏನೂ ಹೇಳಲಿಲ್ಲ.

ಏಪ್ರಿಲ್ ತಿಂಗಳು ಬಂತು. ಪ್ರೇಮಲಾ ಕೂಸನ್ನು ಕರೆದುಕೊಂಡು ಬಂದು ಹದಿನೈದು ದಿನ ಇದ್ದಳು. ಅವಳ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು ಎಂದು ಫೋನು ಬಂದು ಬುಧವಾರ ನಾರಾಯಣಖೇಡಕ್ಕೆ ಹೋದಳು, ಭಾನುವಾರ ಬರುತ್ತೇನೆ ಎಂದಿದ್ದಳು. ಹಣಮಯ್ಯ ಮೊಮ್ಮಗಳ ತಲೆ ಸವರಿ ಕಳಿಸಿದ. ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ ಕಿಟಕಿಯಿಂದ ಈಶಮ್ಮನ ದನಿ ಕೇಳಿತು, “ಅಕ್ಕೋರ, ಜರ ಬರ್ರಿ.” ಕೂಗಿದ್ದಲ್ಲ, ಮೆಲ್ಲಗೆ ಕರೆದದ್ದು. ಗಿರಾಕಿಗಳನ್ನು ಬಿಟ್ಟು ಹೋದೆ.

ಹದಿನೆಂಟು ವರ್ಷ ಎದುರುಬದುರು ಇದ್ದೆವಲ್ಲ, ಆ ಹೊಸ್ತಿಲು ನಾನು ದಾಟಿದ್ದು ಅವತ್ತೇ ಮೊದಲು. ಯಾಕೆ ಎಂದು ಕೇಳಬೇಡಿ, ನಿಮಗೂ ಗೊತ್ತಿದೆ, ಹೇಳಿದರೆ ನನಗೇ ನಾಚಿಕೆ. ಅವಳು ನನ್ನ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ, ನಾನು ಅವಳ ಮನೆಯಲ್ಲಿ ಒಂದು ಲೋಟ ನೀರು ಕುಡಿದವಳಲ್ಲ.

ಒಳಗೆ ಹಣಮಯ್ಯ ದಿಂಬಿಗೆ ಒರಗಿ ಕೂತಿದ್ದ. ಮಷೀನು ನಡೆಯುತ್ತಿತ್ತು, ನಳಿಕೆ ಮೂಗಿನಲ್ಲೇ ಇತ್ತು, ಆದರೂ ಗಾಳಿ ಸಾಲುತ್ತಿರಲಿಲ್ಲ. ಕೊರಳಿನ ನರ ಹಗ್ಗದ ಹಾಗೆ ಎದ್ದಿದ್ದವು. ಆಂಬುಲೆನ್ಸ್ ಕರೆಯೋಣ ಎಂದು ನಾನು ಫೋನು ತೆಗೆದೆ. ಅವನು ಬೇಡ ಎಂದು ಕೈ ಅಲ್ಲಾಡಿಸಿದ. ಇದಕ್ಕೆ ಮೊದಲೇ ಅವರಿಬ್ಬರೂ ಅದನ್ನು ಮಾತಾಡಿ ಮುಗಿಸಿದ್ದರಂತೆ. ಅವನನ್ನು ಸ್ವಲ್ಪ ಮೇಲಕ್ಕೆ ಸರಿಸುವುದಕ್ಕಷ್ಟೇ ಅವಳು ನನ್ನನ್ನು ಕರೆದದ್ದು. ಇಬ್ಬರೂ ಕಂಕುಳಲ್ಲಿ ಕೈ ಹಾಕಿ ಸರಿಸಿದೆವು. ಒಂದು ಹೊರೆ ಕಣಿಕೆಯಷ್ಟೂ ಭಾರ ಇರಲಿಲ್ಲ ಆ ಮನುಷ್ಯ. ಸರಿಸುವಾಗ ಅವನು ನನ್ನ ಮುಖ ನೋಡಿದ. ಆ ಕಣ್ಣು ನೋಡಿದ್ದೇ ತಡ, ಗಿರಣಿ ಚಾಲೂ ಇದೆ, ಬಂದ್ ಮಾಡಿ ಬರುತ್ತೇನೆ ಎಂದು ಏನೋ ತೊದಲಿ ಹೊರಗೆ ಬಂದುಬಿಟ್ಟೆ. ಗಿರಣಿ ಬಂದ್ ಮಾಡಿಯೇ ಬಂದಿದ್ದೆ.

ರಸ್ತೆ ದಾಟಲಿಲ್ಲ. ಅವರ ಕಟ್ಟೆಯ ಮೇಲೆ, ಕಿಟಕಿಯ ಕೆಳಗೆ ಕೂತೆ. ಬಿಸಿಲು ರಾಚುತ್ತಿತ್ತು. ಈಗ ಇವಳೂ ಹೊರಗೆ ಬರುತ್ತಾಳೆ, ಬಂದರೆ ಅವನು ಒಬ್ಬನೇ ಆಗುತ್ತಾನೆ, ಬರಬೇಡ ತಾಯಿ, ಬರಬೇಡ ಎಂದು ನಾನು ಎದೆಯೊಳಗೇ ಬಡಬಡಿಸುತ್ತಿದ್ದೆ. ಯಾವ ದೇವರಿಗೆ ಹೇಳಿದೆನೋ ನನಗೆ ತಿಳಿಯದು. ಅದೇ ಹೊತ್ತಿಗೆ ಖಣಿಯಲ್ಲಿ ಮದ್ದು ಹಾರಿತು. ಕಿಟಕಿಯ ಕಬ್ಬಿಣ ಅದುರಿತು. ಬಾಗಿಲಿಗೆ ಯಾರೂ ಬರಲಿಲ್ಲ.

ಒಳಗಿನಿಂದ ಅವನ ದನಿ ಕೇಳಿತು. ಬರೀ ಉಸಿರು ಅದು, ದನಿ ಎನ್ನುವಂಥದ್ದಲ್ಲ.

“ಅದಿಯೇನ?”

“ಅದೀನಿ,” ಅಂದಳು ಈಶಮ್ಮ.

ಸ್ವಲ್ಪ ಹೊತ್ತು ಬಿಟ್ಟು ಇದ್ದೀಯಾ ಎಂದು ಮತ್ತೆ ಕೇಳಿದ, ಇದ್ದೇನೆ ಎಂದು ಅವಳು ಮತ್ತೆ ಹೇಳಿದಳು. ಅವಳ ದನಿ ನಡುಗುತ್ತಿತ್ತು, ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ, ಕಿಟಕಿಯ ಹೊರಗೆ ಕೂತ ನನಗೆ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ಕಣ್ಣು ಮಂಜಾಗಿ ಅವನಿಗೆ ಅವಳು ಕಾಣುತ್ತಿರಲಿಲ್ಲವೋ ಏನೋ. ಕೈ ಹಿಡಿದಿದ್ದು ಕೂಡ ತಿಳಿಯುತ್ತಿರಲಿಲ್ಲವೋ ಏನೋ. ಅವನು ಕೇಳುವುದು, ಇವಳು ಹೇಳುವುದು. ನಡುನಡುವೆ ಅವಳು ಮೆಲ್ಲಗೆ ಸ್ವಾಮೀ ಎನ್ನುತ್ತಿದ್ದಳು. ಎಷ್ಟು ಹೊತ್ತು ಹೀಗೆ ನಡೆಯಿತೋ ಗೊತ್ತಿಲ್ಲ, ಗೋಡೆಯ ನೆರಳು ನನ್ನ ಮೊಣಕಾಲಿನವರೆಗೆ ಬಂದಿತ್ತು. ಅವನ ಪ್ರಶ್ನೆಗಳ ನಡುವಿನ ಹೊತ್ತು ಉದ್ದವಾಗುತ್ತ ಹೋಯಿತು. ಆಮೇಲೆ ಅವನ ದನಿ ಕೇಳಲಿಲ್ಲ. ಅವಳದು ಮಾತ್ರ ಕೇಳುತ್ತಿತ್ತು. ಅದೀನಿ. ಸ್ವಲ್ಪ ತಡೆದು, ಅದೀನಿ. ಕೇಳುವವನು ಇಲ್ಲದೆ ಹೋಗಿ ಎಷ್ಟೋ ಹೊತ್ತಾಗಿತ್ತು, ಅವಳು ಹೇಳುವುದನ್ನು ಬಿಟ್ಟಿರಲಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಕಡೆಗೆ ಅದೂ ನಿಂತಿತು. ಮಷೀನಿನ ಗುಂಡಿ ಒತ್ತಿದ ಸದ್ದಾಯಿತು, ಮನೆಯೆಲ್ಲ ಸ್ತಬ್ಧವಾಯಿತು. ಹೋಗಬೇಕು, ಅವಳು ಒಬ್ಬಳೇ ಇದ್ದಾಳೆ, ಕೈಕಾಲು ನೆಟ್ಟಗೆ ಮಾಡಬೇಕು, ಗದ್ದಕ್ಕೆ ಬಟ್ಟೆ ಕಟ್ಟಬೇಕು. ಎಲ್ಲ ಗೊತ್ತಿತ್ತು. ಏಳಲಾಗಲಿಲ್ಲ. ಊರಿಗೆಲ್ಲ ಧೈರ್ಯ ಹೇಳುವ ಮಹಾನಂದಾ ಹಿಟ್ಟಿನ ಕೈಯಲ್ಲಿ ಮುಖ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

ಈಶಮ್ಮ ಎದ್ದು ಬಾಗಿಲಿಗೆ ಬಂದಳು. ಮುಖವೆಲ್ಲ ಒದ್ದೆ. ನನ್ನನ್ನು ನೋಡಿದಳು, ಬಂದ್ ಆಗಿದ್ದ ಗಿರಣಿಯನ್ನು ನೋಡಿದಳು, ಎಲ್ಲ ತಿಳಿಯಿತು ಅವಳಿಗೆ. ಒಂದು ಮಾತೂ ಆಡಿ ತೋರಿಸಲಿಲ್ಲ. ಬಗ್ಗಿ ನನ್ನ ಕೈ ಹಿಡಿದಳು.

“ಬರ್ರಿ ಅಕ್ಕೋರ,” ಅಂದಳು. “ಅಂಜಬ್ಯಾಡ್ರಿ. ನಾ ಅದೀನಿ.”

ನಾನು ಅವಳ ಹಿಂದೆ ಒಳಗೆ ಹೋದೆ.